ಸಂಪಿಗೆಯ ನುಡಿ

ನಮ್ಮ ದೊಡ್ಡವ್ವ ಮಂಗಳಮ್ಮನಿಗೆ ಬೆಟ್ಟದಪುರದಲ್ಲಿ ಸಂಪಿಗೆ ಮಂಗಳಮ್ಮ ಎಂದೇ ಹೆಸರು. ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಚಪ್ಪರ ಹಾಕಿದರೂ ಸೋಬಾನೆ ಹಾಡುವುದಕ್ಕೆ ಅವಳಿಗೇ ಕರೆ. ಹಸೆಮಣೆಯ ಮೇಲೆ ಹೆಣ್ಣನ್ನು ಕೂರಿಸಿ ಅರಿಶಿನ ಹಚ್ಚುವಾಗ ಅವಳು ಎತ್ತುವ ಪದದ ಮೊದಲ ನುಡಿ ಇದು:

ಸಂಪಿಗೆಯ ಬಣ್ಣಾದ ನಮ್ಮಾ ಮಗಳೀಗೆ
ಕೊಂಬಿನರಿಶಿನ ತೇದು ಹಚ್ಚೀರೆ

ಈ ನುಡಿಯಿಂದಲೇ ಆ ಹೆಸರು ಬಂದಿರಬೇಕೆಂದು ನಾನು ತಿಳಿದಿದ್ದೆ. ದೊಡ್ಡಪ್ಪ ಪುಟ್ಟಮಲ್ಲಪ್ಪನೂ ಜಗಲಿಯಿಂದ “ಸಂಪಿಗೇ” ಎಂದೇ ಕೂಗುತ್ತಿದ್ದ. ದೊಡ್ಡವ್ವ ಯಾವತ್ತೂ ಓ ಎನ್ನುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸುಮ್ಮನೆ ಬಂದು ನಿಲ್ಲುತ್ತಿದ್ದಳು. ಹಾಡುವವರಿಗೆ ಒಂದಿಷ್ಟು ಬಿಂಕ ಇರುತ್ತದೆ ಎಂದುಕೊಂಡಿದ್ದೆ.

ಹತ್ತನೇ ವಯಸ್ಸಿನಿಂದ ನಾನು ಅವಳ ಹಿಂದೆ ಸೊಲ್ಲು ಎತ್ತಿಕೊಳ್ಳುವವಳು. ಅವಳು ನುಡಿ ಎತ್ತಬೇಕು, ನಾನು ಅದನ್ನೇ ಮತ್ತೆ ಹೇಳಬೇಕು, ಆಮೇಲೆ ಚಪ್ಪರದ ಹೆಂಗಸರೆಲ್ಲ ಸೇರಬೇಕು. ಎತ್ತಿದ ನುಡಿ ನಡುವೆ ಮುರಿದರೆ ಹೆಣ್ಣಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಗೂಡಿಗೆ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಆ ಹೊಗೆಗೆ ದೊಡ್ಡವ್ವನಿಗೆ ಕೆಮ್ಮು ಹತ್ತುತ್ತಿತ್ತು. ಆಗೆಲ್ಲ ಅವಳು ಬಿಟ್ಟ ಕಡೆಯಿಂದ ನಾನು ಹಿಡಿದುಕೊಳ್ಳುತ್ತಿದ್ದೆ. ಬರುಬರುತ್ತಾ ಅದು ಎಷ್ಟು ರೂಢಿಯಾಯಿತೆಂದರೆ ಅವಳ ದನಿ ನಿಂತರೆ ಸಾಕು, ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು.

ಹೀಗೆ ನೂರು ಮದುವೆ ನೋಡಿದ್ದೇನೆ. ಸಂಪಿಗೆಯ ಬಣ್ಣದ ಹೆಣ್ಣು ಒಂದನ್ನೂ ಕಾಣಲಿಲ್ಲ. ಎಲ್ಲರೂ ಬಿಸಿಲಿನಲ್ಲಿ ಕಳೆ ಕಿತ್ತವರೇ. ಆದರೂ ದೊಡ್ಡವ್ವನ ದನಿ ಎದ್ದಾಗ, ಅರಿಶಿನದ ವಾಸನೆ ತಲೆಗೇರಿದಾಗ, ಎದುರಿಗೆ ಕೂತ ಹೆಣ್ಣಿನ ಮುಖ ಒಳಗಿನಿಂದಲೇ ಹಳದಿಯಾಗಿ ಹೊಳೆದಂತೆ ಕಾಣುತ್ತಿತ್ತು. ಹಾಡು ಮುಗಿದ ಮೇಲೆ ಆ ಹೆಣ್ಣು ಎದ್ದು ಮುಖ ತೊಳೆಯುತ್ತಿದ್ದಳು. ಆಗ ಮತ್ತೆ ನಮ್ಮ ಊರಿನವಳೇ.

ನಾನಂತೂ ನಮ್ಮ ಮನೆಯಲ್ಲೇ ಕಪ್ಪು. ಹಿತ್ತಲಿನ ನೇರಳೆ ಮರದ ಕೆಳಗೆ ಮಲಗಿ ಹಣ್ಣು ತಿನ್ನುತ್ತಾ ಮಧ್ಯಾಹ್ನ ಕಳೆಯುವುದು ನನಗೆ ಇಷ್ಟ. ಬಿದ್ದ ಹಣ್ಣೊಂದು ಅಂಗೈಯಲ್ಲಿ ಒಡೆದರೆ ಕೈಯ ಬಣ್ಣ ಎಲ್ಲಿ ಮುಗಿಯಿತು, ಹಣ್ಣಿನ ಬಣ್ಣ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಪಿರಿಯಾಪಟ್ಟಣಕ್ಕೆ ಟೆಂಟು ಸಿನಿಮಾ ಬಂದಾಗ ಗಾಡಿ ಕಟ್ಟಿಕೊಂಡು ಹೋಗಿದ್ದೆವು. ಪರದೆಯ ಮೇಲಿನ ಹುಡುಗಿ ಎಷ್ಟು ಬೆಳ್ಳಗಿದ್ದಳೆಂದರೆ, ಅದು ಅವಳ ಮುಖವೋ ಬಟ್ಟೆಯ ಪರದೆಯೋ ಗೊತ್ತಾಗಲಿಲ್ಲ. ಮನೆ ಮುರಿಯುವ ಹೆಂಗಸು ಮಾತ್ರ ಕಪ್ಪಗಿದ್ದಳು. ಹಾಡಿನಲ್ಲೂ ನನ್ನಂಥವಳಿಲ್ಲ, ಸಿನಿಮಾದಲ್ಲಿ ಇದ್ದರೂ ಇಂಥ ಕೆಲಸಕ್ಕೆ ಎಂದು ಸಿಟ್ಟು ಬಂತು. ಅವತ್ತು ಮನೆಗೆ ಬಂದು ಮಲಗಿದರೆ ಕನಸಿನಲ್ಲಿ ಅದೇ ಪರದೆ. ಅದರ ಮೇಲೆ ನೇರಳೆ ಬಣ್ಣದ ಹುಡುಗಿಯೊಬ್ಬಳು ನಿಧಾನವಾಗಿ ನಡೆದು ಹೋಗುತ್ತಿದ್ದಳು, ಟೆಂಟಿನ ಜನ ಸುಮ್ಮನೆ ನೋಡುತ್ತಿದ್ದರು.

ಐವತ್ತಾರನೇ ಇಸವಿಯಲ್ಲಿ ಹೊಸ ಅಗ್ರಹಾರದ ಚನ್ನಬಸವಣ್ಣನ ಕಡೆಯವರು ನನ್ನನ್ನು ನೋಡಲು ಬಂದರು. ಗಂಡಿನ ತಾಯಿ ಸುಂದ್ರಮ್ಮ ನನ್ನನ್ನು ಮಾತಾಡಿಸಿದರು, ಹಾಡಿಸಿದರು, ಒಪ್ಪಿದೆವು ಎಂದರು. ಗಂಡು ಚನ್ನಬಸವಣ್ಣ ಎರಡು ಸಲ ನೋಡಿ ನಕ್ಕ. ನನಗೂ ಅವನು ಹಿಡಿಸಿದ. ಎಲ್ಲ ಸರಿಯಾಯಿತು ಎನ್ನುವಾಗ ಗಂಡಿನ ತಂಗಿ ಪ್ರೇಮಮ್ಮ ತಾಯಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

“ಅರಿಶಿನ ಅಚ್ಚೋವಾಗ ಸಂಪಿಗೆ ಬಣ್ಣ ಅಂತಾರಲ್ಲವ್ವ. ಆಗ ನಗು ತಡ್ಕಳಾದು ಎಂಗೆ?”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಹೊಲಕ್ಕೆ ಹೋದರೆ ಅಲ್ಲಿ, ನೇರಳೆ ಮರದ ಕೆಳಗೆ ಮಲಗಿದರೆ ಅಲ್ಲೂ ಅದೇ ಮಾತು. ಹಸೆಯ ಮೇಲೆ ಕೂತ ಹೆಣ್ಣಿಗೆ ಎದ್ದು ಓಡುವುದಕ್ಕೆ ಬರುವುದಿಲ್ಲ. ಚಪ್ಪರವೆಲ್ಲ ನಕ್ಕರೆ ಆ ನಗುವನ್ನು ಸೆರಗಿಗೆ ಕಟ್ಟಿಕೊಂಡೇ ಗಂಡನ ಮನೆಗೆ ಹೋಗಬೇಕು. ಮದುವೆಗೆ ನಾಲ್ಕು ದಿನ ಇರುವಾಗ, ಅವರೆಕಾಯಿ ಸುಲಿಯುತ್ತಾ ಕೂತಿದ್ದ ದೊಡ್ಡವ್ವನ ಪಕ್ಕದಲ್ಲಿ ಕೂತೆ.

“ದೊಡ್ಡವ್ವ, ನನ್ ಹಸೇಲಿ ಆ ಮೊದಲ್ನೇ ನುಡಿ ಬುಟ್ಬುಡು.”

“ಯಾಕವ್ವ ನೀಲ?”

“ನಗ್ತಾರೆ.”

ಅವಳು ಸುಲಿದ ಸಿಪ್ಪೆಯನ್ನೇ ಮತ್ತೆ ಸುಲಿಯುತ್ತಿದ್ದಳು.

“ನಾನೂ ಕಪ್ಪೇ ಅಲ್ವ, ನನ್ ಹಸೇಲೂ ಇದ್ನೇ ಹಾಡಿದ್ರು ಕಣವ್ವ. ಗಂಡಿನ ಕಡೆಯೋಳು ಒಬ್ಳು ಕಿಸಕ್ ಅಂದ್ಲು. ಆಮೇಲೆ ಚಪ್ಪರಕ್ಕೆ ಚಪ್ಪರವೇ ನಕ್ಬುಡ್ತು. ಅವತ್ತಿಂದ ನಂಗೆ ಸಂಪಿಗೆ ಅಂತ್ಲೇ ಕರೀತಾವ್ರೆ, ನಿಮ್ ದೊಡ್ಡಪ್ಪನೂವೆ.”

ಇಷ್ಟು ವರ್ಷ ಆ ಹೆಸರನ್ನು ನಾನೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ.

“ಮತ್ತೆ ಅದ್ನೇ ಯಾಕೆ ಹಾಡ್ತೀಯ?”

“ಯಾರೂ ನಗ್ದಂಗೆ ಹಾಡಾದ ಕಲ್ತೆ. ನನ್ ದನಿ ಕೇಳಿ ಇವತ್ಗಂಟ ಒಬ್ರೂ ನಕ್ಕಿಲ್ಲ. ನಿನ್ ಹಸೇಲೂ ನಗಾಕಿಲ್ಲ ಬುಡು.”

ಹಾಗೆ ಹೇಳಿದಳೇ ಹೊರತು ನನ್ನ ಮುಖ ನೋಡಲಿಲ್ಲ.

ಮದುವೆಯ ದಿನ ಬೆಳಿಗ್ಗೆಯಿಂದ ಉಪವಾಸ. ಹಸೆಯ ಮೇಲೆ ಕೂತಾಗ ಚಪ್ಪರದ ಗರಿಗಳ ಸಂದಿನಿಂದ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಬೆಟ್ಟದ ಕಡೆಯಿಂದ ಬಂದ ಗಾಳಿಗೆ ಆ ಚೂರುಗಳೆಲ್ಲ ಅಲುಗುತ್ತಿದ್ದವು. ಅರಿಶಿನ, ಹೂವು, ಎಣ್ಣೆ ಎಲ್ಲ ಸೇರಿ ಕಣ್ಣು ಎಳೆಯುತ್ತಿತ್ತು. ನಾನು ಕೂತಿದ್ದೇನೋ, ಎಂದಿನಂತೆ ಪಕ್ಕದಲ್ಲಿ ನಿಂತು ಬೇರೆ ಯಾರನ್ನೋ ನೋಡುತ್ತಿದ್ದೇನೋ ತಿಳಿಯದ ಹಾಗಾಯಿತು. ಎದುರಿಗೆ ಗಂಡಿನ ಕಡೆಯ ಐದು ಜನ ಮುತ್ತೈದೆಯರು. ಅವರ ಮುಂದೆ ಸುಂದ್ರಮ್ಮ, ಕೈಯಲ್ಲಿ ಅರಿಶಿನದ ಬಟ್ಟಲು.

ದೊಡ್ಡವ್ವ ಎತ್ತಿದಳು: “ಸಂಪಿಗೆಯ...”

ಪ್ರೇಮಮ್ಮನ ಸೆರಗು ಬಾಯಿಗೆ ಹೋಯಿತು. ನಾನು ನೋಡಿದೆ. ದೊಡ್ಡವ್ವನೂ ನೋಡಿದಳು.

ಅವಳ ದನಿ ನಿಂತುಹೋಯಿತು. ಕೆಮ್ಮು ಅಲ್ಲ, ಏನೂ ಅಲ್ಲ. ಬಾಯಿ ತೆರೆದೇ ಇತ್ತು. ಎಷ್ಟೋ ವರ್ಷದ ಹಿಂದಿನ ಚಪ್ಪರದಲ್ಲಿ ಅವಳು ಮತ್ತೆ ಕೂತಿದ್ದಳು. ನುಡಿ ಮುರಿಯುತ್ತಿತ್ತು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಹೆಣ್ಣು, ನನ್ನ ಹಸೆಯಲ್ಲಿ ನಾನೇ ಹಾಡಬಾರದು ಎಂಬುದು ನೆನಪಾಗುವ ಮೊದಲೇ, ಅವಳ ದನಿ ನಿಂತಿದ್ದೇ ಸಾಕಾಗಿ, ನನ್ನ ಬಾಯಿ ತೆರೆದುಕೊಂಡಿತು.

ನೇರಳೆಯ ಬಣ್ಣಾದ ನಮ್ಮಾ ಮಗಳೀಗೆ
ಕೊಂಬಿನರಿಶಿನ ತೇದು ಹಚ್ಚೀರೆ

ಆ ಮಾತು ಎಲ್ಲಿಂದ ಬಂತೋ ಕಾಣೆ. ಬಾಯಿಂದ ಹೊರಗೆ ಬಿದ್ದ ಮೇಲೆ ನನಗೆ ಎಚ್ಚರವಾಯಿತು. ನನ್ನನ್ನು ನಾನೇ ನಮ್ಮ ಮಗಳು ಎಂದು ಹಾಡಿಕೊಂಡಿದ್ದೆ. ಸುಂದ್ರಮ್ಮನ ಅರಿಶಿನದ ಕೈ ಗಾಳಿಯಲ್ಲೇ ನಿಂತಿತು. ಇನ್ನು ಇವರು ಬಟ್ಟಲು ಕೆಳಗಿಟ್ಟು ಎದ್ದು ಹೋಗುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಹಿಂದಿನಿಂದ ಒಂದು ದನಿ ನನ್ನ ಸೊಲ್ಲನ್ನು ಎತ್ತಿಕೊಂಡಿತು. ನೇರಳೆಯ ಬಣ್ಣಾದ ನಮ್ಮಾ ಮಗಳೀಗೆ. ದೊಡ್ಡವ್ವ ಹಾಡುತ್ತಿದ್ದಳು, ನಾನು ಅಷ್ಟು ವರ್ಷ ಅವಳಿಗೆ ಹಾಡಿದ ಹಾಗೆ, ಒಂದು ಉಸಿರು ಹಿಂದೆ. ಅವಳ ಹಿಂದೆ ನಮ್ಮ ಕಡೆಯ ಹೆಂಗಸರು ಸೇರಿದರು. ಕೆನ್ನೆಗೆ ತಣ್ಣಗೆ ಅರಿಶಿನ ತಾಕಿತು. ಕಣ್ಣು ತೆರೆದು ನೋಡಿದರೆ ಸುಂದ್ರಮ್ಮ ತಮ್ಮ ಕೈಯನ್ನೇ ನೋಡುತ್ತಿದ್ದರು. ಅರಿಶಿನದ ಕೆಳಗೆ ಆ ಕೈಯ ಬಣ್ಣವೂ ನನ್ನದೇ.

“ನಂಗೂ ಸಂಪಿಗೆ ಅಂತ್ಲೇ ಹಾಡಿದ್ರು,” ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಅವರೂ ದನಿ ಸೇರಿಸಿದರು. ಪ್ರೇಮಮ್ಮ ನಗುತ್ತಲೇ ಹಾಡಿದಳು. ನಗಲಿ, ಹಾಡಿದಳಲ್ಲ.

ಹೆಸರೇನೋ ಅಂಟಿಕೊಂಡಿತು. ಹೊಸ ಅಗ್ರಹಾರಕ್ಕೆ ಕಾಲಿಟ್ಟ ಮೂರನೇ ದಿನಕ್ಕೆ ನಾನು ಇಡೀ ಕೇರಿಗೆ ನೇರಳೆ. ನೀಲಾಂಬಿಕೆ ಎಂಬ ಹೆಸರು ನನ್ನ ಗಂಡನಿಗೂ ಮರೆತುಹೋಗಿರಬೇಕು. ಮೊದಮೊದಲು ಕಿವಿ ನಿಮಿರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಎಷ್ಟಾದರೂ ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಮೊದಲ ಗೌರಿಹಬ್ಬಕ್ಕೆ ದೊಡ್ಡವ್ವ ಬಾಗಿನ ಹೊತ್ತುಕೊಂಡು, ಎರಡು ಬಸ್ಸು ಬದಲಿಸಿ ನನ್ನ ಮನೆಗೆ ಬಂದಳು. ಒಳಗೆ ಕೂರಿಸಿ ನೀರು ಕೊಡುವಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಕೂಗಿದರು. “ನೇರಳೇ.”

ದೊಡ್ಡವ್ವ ಚೊಂಬು ಕೆಳಗಿಟ್ಟಳು. ಅವಳು ನನ್ನ ಮುಖವನ್ನೇ ನೋಡಿದಳು, ನೋವು ಎಲ್ಲಿದೆ ಎಂದು ಹುಡುಕುವ ಹಾಗೆ.

“ಓ, ಬಂದೆ ಅತ್ತೆಮ್ಮ,” ಎಂದೆ.

ಎದ್ದವಳನ್ನು ಅವಳು ಸೆರಗು ಹಿಡಿದು ನಿಲ್ಲಿಸಿದಳು. ಕಣ್ಣು ತುಂಬಿದ್ದವು.

“ನಲವತ್ತು ವರ್ಷ ಆಯ್ತು ಕಣವ್ವ. ಆ ಹೆಸ್ರಿಗೆ ನಾನು ಒಂದಿನಾನೂ ಓ ಅಂದಿಲ್ಲ.”