ಅರ್ಧ ಗಂಟೆಯ ಸದ್ದು

ನಮ್ಮ ಭಾವ ಗೋಡೆ ಹಿಡಿದೇ ನಡೆಯುತ್ತಿದ್ದರು. ಎದ್ದರೆ ನೆಲ ತಿರುಗುತ್ತದೆ, ಎಡಗಿವಿ ಪೂರ್ತಿ ಬಂದ್, ಬಲಗಿವಿ ಅರ್ಧಂಬರ್ಧ. ಪವರ್‌ಲೂಮ್ ಶೆಡ್ಡಿನಲ್ಲಿ ಒಂದು ಸಲ ವಾಲಿ ಬಿದ್ದದ್ದೇ ತಡ, ಮ್ಯಾನೇಜರ್ "ಕುಡಿದು ಬಂದಿದ್ದಾನೆ" ಎಂದು ಗೇಟಿನಿಂದ ಆಚೆ ಹಾಕಿದ. ಭಾವ ಕುಡಿಯುವುದೇ? ಕೆಮ್ಮಿನ ಔಷಧಿ ಕುಡಿಯಲಿಕ್ಕೂ ಅಕ್ಕನ ಮುಖ ನೋಡುವ ಪ್ರಾಣಿ ಅದು.

"ಕುಡಿದಿದ್ರೆ ಮಜಾನಾದ್ರೂ ಸಿಗ್ತಿತ್ತು. ಇದು ಬರೀ ತೂರಾಟ," ಎಂದು ಅವರೇ ನಗುತ್ತಿದ್ದರು. ಕೆಲಸ ಹೋದ ಮೇಲೆ ಒಲೆ ಉರಿಯುವುದು ಹೇಗೆ ಎಂದು ಅಕ್ಕ ಮಾತ್ರ ನಗುತ್ತಿರಲಿಲ್ಲ.

ಅವರ ಪಕ್ಕದ ಮಗ್ಗ ನನ್ನದು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವನೂ ನಾನೇ. ಒಳಗಿವಿಯ ಸ್ಕ್ಯಾನ್ ಆಗಬೇಕು ಎಂದರು. ಕೊಳವೆಯಂಥ ಯಂತ್ರದೊಳಗೆ ಮಲಗಿಸುವ ಮುಂಚೆ ನರ್ಸಮ್ಮ ಎರಡೂ ಕಿವಿಗೆ ಸ್ಪಂಜಿನ ತುಂಡು ತುರುಕಿದರು.

"ಒಳಗೆ ತುಂಬ ಸದ್ದಪ್ಪ. ಅರ್ಧ ಗಂಟೆ. ಕಿವಿ ಹಾಳಾಗ್ಬಾರ್ದಲ್ಲ."

ಯಂತ್ರ ಧಡಧಡ ಬಡಿಯಿತು. ಭಾವ ಗೊರಕೆ ಹೊಡೆದರು. ಶೆಡ್ಡಿಗಿಂತ ತಣ್ಣಗಿತ್ತಂತೆ.

ಡಾಕ್ಟರು ಚಿತ್ರ ತೋರಿಸಿದರು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಳಗಿವಿ. ಅದರಲ್ಲಿ ನೀರು ತುಂಬಿ ಊದಿಕೊಂಡಿದೆ, ತಲೆಸುತ್ತಿಗೂ ಕಿವುಡಿಗೂ ಅದೇ ಮೂಲ ಎಂದರು. "ಕುಡಿತ ಅಲ್ಲ, ಕಾಯಿಲೆ," ಎಂದು ಬರೆದೂ ಕೊಟ್ಟರು.

ಮ್ಯಾನೇಜರ್ ಅದನ್ನು ಓದಿದ. "ಹುಟ್ಟಿನಿಂದ್ಲೇ ಬಂದಿರುತ್ತೆ ಬಿಡು. ನಮ್ಮ ಶೆಡ್ಡಿಗೂ ನಿನ್ನ ಕಿವಿಗೂ ಏನು ಸಂಬಂಧ?"

ಭಾವ ಹುಟ್ಟಿದಾಗ ತೊಟ್ಟಿಲು ತೂಗಲು ಬಂದಿದ್ದನೇನೋ ಮಹಾರಾಯ.

ಭಾವ ಜೇಬಿನಿಂದ ಆ ಸ್ಪಂಜು ತೆಗೆದು ಮೇಜಿನ ಮೇಲಿಟ್ಟರು. "ಅರ್ಧ ಗಂಟೆ ಸದ್ದಿಗೆ ಅವ್ರು ಇದನ್ನ ಕೊಟ್ರು ಸಾರ್. ಇಪ್ಪತ್ತು ವರ್ಷದ ಸದ್ದಿಗೆ ನೀವೇನು ಕೊಟ್ರಿ?"

ಮ್ಯಾನೇಜರ್ ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದ. ನಾನು ನೆಟ್ಟಗೆ ಮಗ್ಗಗಳ ಕಡೆ ನಡೆದೆ.

ಶೆಡ್ಡಿನಲ್ಲಿ ಸುದ್ದಿ ಹರಡಲು ದನಿ ಬೇಕಿಲ್ಲ. ಆ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುವವರು. ಮರುದಿನ ಬೆಳಗ್ಗೆ ಮಗ್ಗಗಳು ಒಂದೊಂದಾಗಿ ನಿಂತವು. ಮ್ಯಾನೇಜರ್ ಓಡೋಡಿ ಬಂದ.

"ಯಾಕ್ರೋ ನಿಲ್ಸಿದ್ರಿ? ಶುರು ಮಾಡ್ರೋ."

ಆ ಶೆಡ್ಡಿನಲ್ಲಿ ಅವನ ದನಿ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅದೇ ಮೊದಲು. ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲರೂ ಅವರತ್ತ ಒಮ್ಮೆ ನೋಡಿ, ಕಿವಿಯ ಹಿಂದೆ ಕೈ ಇಟ್ಟುಕೊಂಡೆವು.

"ಸ್ವಲ್ಪ ಜೋರಾಗಿ ಹೇಳಿ ಸಾರ್," ಅಂದೆ ನಾನು. "ನಾವೆಲ್ಲ ಹುಟ್ಟುಕಿವುಡರು."