ಕನ್ನಡಿಯಲ್ಲಿ ಅತ್ತ ಡ್ರೈವರ್

ಚಿಕ್ಕಮ್ಮನಿಗೆ ಆ ಧಾರಾವಾಹಿ ಎಂದರೆ ಪ್ರಾಣ. ಆದರೆ ಅವಳು ಅದನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು.

ಏನು ಮಾಡುವುದು, ಟೈಲರ್ ಕೆಲಸ. ಟಿವಿಯಲ್ಲಿ ಶೀರ್ಷಿಕೆ ಹಾಡು ಶುರುವಾಗುವ ಹೊತ್ತಿಗೇ ಯೂನಿಫಾರ್ಮುಗಳ ರಾಶಿ ಅವಳ ಕುತ್ತಿಗೆಯವರೆಗೆ ಬಂದಿರುತ್ತಿತ್ತು. ಕಣ್ಣು ಸೂಜಿಯ ಮೇಲೆ, ಕಾಲು ಪೆಡಲ್ ಮೇಲೆ, ಕಿವಿಯೊಂದು ಟಿವಿಗೆ. ಕಣ್ಣೆತ್ತಿದರೆ ಅಂಚು ಸೊಟ್ಟಗಾಗುತ್ತದೆ, ಇಲ್ಲವೇ ಬೆರಳೇ ಹೊಲಿಗೆಯೊಳಗೆ ಸೇರುತ್ತದೆ. ಪಾತ್ರಗಳು ಮಾತಾಡುವಷ್ಟು ಹೊತ್ತು ತೊಂದರೆಯಿಲ್ಲ. ಆದರೆ ಧಾರಾವಾಹಿಯ ಜನ ಮಾತಾಡುವುದೇ ಅಪರೂಪ. ಒಬ್ಬಳು ತಿರುಗುತ್ತಾಳೆ, ಇನ್ನೊಬ್ಬಳು ತಿರುಗುತ್ತಾಳೆ, ಹಿಂದೆ ಯಾರೋ ಪಾತ್ರೆ ಬೀಳಿಸಿದ ಹಾಗೆ ಢಂ ಅನ್ನುತ್ತದೆ, ಜಾಹೀರಾತು ಬರುತ್ತದೆ.

ಆ ಢಂ ಎಂದರೇನು ಎಂದು ಹೇಳುವುದು ಗಿಣಿಯ ಕೆಲಸ. ಕಾಲೇಜು ಓದಲೆಂದು ಚಿಕ್ಕಮ್ಮನ ಮನೆಯಲ್ಲಿದ್ದ ಅಕ್ಕನ ಮಗಳು ಅವಳು. ಬಾಯಿಗೆ ಬಿಡುವೇ ಇಲ್ಲವೆಂದು ಹುಟ್ಟಿದ ಮನೆಯಲ್ಲೇ ಆ ಹೆಸರು ಅಂಟಿತ್ತು. ಮಂಚದ ಮೇಲೆ ಬೋರಲು ಬಿದ್ದುಕೊಂಡು, "ದೊಡ್ಡ ಸೊಸೆ ಮುಖ ಕೆಂಪಾಯ್ತು ಚಿಕ್ಕಮ್ಮ. ಅತ್ತೆ ಬೀಗದ ಕೈ ಸೆರಗಿಗೆ ಕಟ್ಕೊಂಡ್ಳು. ಅಯ್ಯೋ, ಬಾಗಿಲ ಹಿಂದೆ ಚಿಕ್ಕವಳು!" ಎಂದು ಅವಳು ಬಿತ್ತರಿಸುತ್ತಿದ್ದರೆ, ಚಿಕ್ಕಮ್ಮ ಸೂಜಿ ನೋಡುತ್ತಲೇ "ನಂಗೊತ್ತಿತ್ತು, ಆ ಚಿಕ್ಕವಳು ಭಾರಿ ಕಿಲಾಡಿ" ಎನ್ನುತ್ತಿದ್ದಳು.

ಎಡವಟ್ಟು ಶುರುವಾದದ್ದು ಫೋನಿನಿಂದ. ಒಂದು ಸಂಜೆ ಗೆಳತಿಯರ ಗುಂಪಿನಲ್ಲಿ ಯಾರದೋ ಹೊಸ ಹೇರ್‌ಕಟ್ಟಿನ ಫೋಟೋ ಬಂದು, ಗಿಣಿ ನಗುವ ಚಿತ್ರಗಳನ್ನು ಸಾಲಾಗಿ ಒತ್ತುತ್ತ ಕೂತಿದ್ದಾಗ ಢಂ ಎಂದಿತು.

"ಏನಾಯ್ತೇ?"

ಗಿಣಿ ತಲೆಯೆತ್ತಿದಳು. ತೆರೆಯ ಮೇಲೆ ಒಂದು ಕಾರು ಹೋಗುತ್ತಿತ್ತು, ಅಷ್ಟೇ. ಬಾಯಿಗೆ ಬಂದದ್ದನ್ನು ಹೇಳಿದಳು: "ಡ್ರೈವರು ಚಿಕ್ಕಮ್ಮ... ಕನ್ನಡಿಯಲ್ಲಿ ದೊಡ್ಡ ಸೊಸೇನ ನೋಡ್ತಿದ್ದಾನೆ. ಕಣ್ಣಲ್ಲಿ ನೀರು."

ಮಷಿನ್ ನಿಂತಿತು. ಗಂಡ ಸತ್ತ ದೊಡ್ಡ ಸೊಸೆ ಎಂದರೆ ಚಿಕ್ಕಮ್ಮನಿಗೆ ಮೊದಲಿನಿಂದಲೂ ಒಂದು ತೂಕ ಹೆಚ್ಚು ಪ್ರೀತಿ. "ಪಾಪ," ಎಂದಳು. "ಅವಳಿಗೆ ಗೊತ್ತಾ?"

"ಇಲ್ಲ. ಅವಳು ಕಿಟಕಿ ಕಡೆ ತಿರುಗಿದ್ದಾಳೆ."

ಚಿಕ್ಕಮ್ಮ ಬಾಬಿನ್ನಿನ ದಾರ ಖಾಲಿಯಾದದ್ದನ್ನೂ ಗಮನಿಸದೆ ಕೂತುಬಿಟ್ಟಳು. ಅಷ್ಟು ಸುಲಭಕ್ಕೆ ಅಷ್ಟು ದೊಡ್ಡ ಸಂತೋಷ ಕೊಡಬಹುದು ಎಂದು ಗಿಣಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಲ್ಲಿಂದ ಡ್ರೈವರು ಬೆಳೆಯುತ್ತಲೇ ಹೋದ. ಒಂದು ದಿನ ಅವಳು ಮರೆತ ಶಾಲನ್ನು ಮಡಿಸಿ ಸೀಟಿನ ಮೇಲಿಟ್ಟ. ಇನ್ನೊಂದು ದಿನ ಅವಳಿಗೆ ಕೆಮ್ಮು ಬಂದಾಗ ಕಿಟಕಿಯ ಗಾಜು ಏರಿಸಿದ. ಗಿಣಿ ಫೋನಿನಲ್ಲಿ ಮುಳುಗಿದಷ್ಟೂ ಅವನ ಪ್ರೀತಿ ಆಳವಾಗುತ್ತಿತ್ತು. ಚಿಕ್ಕಮ್ಮನಂತೂ ಬೆಳಿಗ್ಗೆ ಹಲ್ಲುಜ್ಜುವಾಗಲೂ, "ಅವನಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಾ?" ಎನ್ನತೊಡಗಿದಳು.

ಅಲ್ಲಿಗೇ ನಿಂತಿದ್ದರೆ ಮನೆಯ ವಿಷಯವಾಗಿರುತ್ತಿತ್ತು. ಆದರೆ ಯೂನಿಫಾರ್ಮಿಗೆ ಅಳತೆ ಕೊಡಲು ಬಂದ ನರ್ಸಿನ ಮುಂದೆಯೂ ಚಿಕ್ಕಮ್ಮ ಡ್ರೈವರನ ಸುದ್ದಿ ತೆಗೆದಳು. ನರ್ಸೂ ಅದೇ ಧಾರಾವಾಹಿಯ ಹುಚ್ಚಿ. ಡ್ಯೂಟಿ ಇಲ್ಲದ ದಿನ ಒಂದು ಕಂತೂ ಬಿಡುವವಳಲ್ಲ.

"ಯಾವ ಡ್ರೈವರ್ ಅಕ್ಕ? ಅವನು ಕಾರ್ ಓಡಿಸ್ತಾನೆ ಅಷ್ಟೇ. ಅವನ ಮುಖ ಕೂಡ ಸರಿಯಾಗಿ ತೋರ್ಸಿಲ್ಲ."

"ಚೆನ್ನಾಗಿ ಹೇಳಿದ್ರಿ! ಅಷ್ಟು ಅತ್ತಿದ್ದಾನೆ, ಮುಖ ತೋರ್ಸಿಲ್ವಂತೆ. ನೀವು ಥರ್ಮಾಮೀಟರ್ ನೋಡ್ಕೊಂಡು ಟಿವಿ ನೋಡಿದ್ರೆ ಹೀಗೇ ಆಗೋದು ಸಿಸ್ಟರ್."

"ನೀವು ಸೂಜಿ ನೋಡ್ಕೊಂಡು ನೋಡ್ತೀರಲ್ಲ, ಅದಕ್ಕೇನಂತೀರಿ?"

"ನಂಗೆ ನಮ್ಮ ಗಿಣಿ ಇದ್ದಾಳೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾಳೆ. ಏ ಗಿಣಿ, ನೀನೇ ಹೇಳೇ ಇವರಿಗೆ."

ಇಬ್ಬರೂ ಅವಳನ್ನೇ ನೋಡಿದರು. ಚಿಕ್ಕಮ್ಮನ ಕೊರಳಲ್ಲಿ ಟೇಪು, ಮುಖದಲ್ಲಿ ಗೆದ್ದೆನೆಂಬ ನಗೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಗಿಣಿ "ಹೂಂ, ಅಳ್ತಾನೆ" ಎಂದಳು. ಹೇಳಿದ್ದೇ ತಡ, ಅಲ್ಲಿಯವರೆಗಿನದು ಕಥೆ, ಇದು ಮಾತ್ರ ಸುಳ್ಳು ಎಂದು ಅವಳಿಗೇ ಗೊತ್ತಾಯಿತು.

ಧಾರಾವಾಹಿ ಮುಗಿಯಲಿದೆ ಎಂಬ ಸುದ್ದಿ ಬಂದಾಗ ಚಿಕ್ಕಮ್ಮ ಒಂದು ನಿರ್ಧಾರ ಮಾಡಿದಳು. "ಕೊನೇ ಕಂತಿಗೆ ಮಷಿನ್ ಮುಟ್ಟಲ್ಲ. ನಾನೇ ಕಣ್ತುಂಬ ನೋಡ್ತೀನಿ. ನೀನು ಹಾಯಾಗಿ ಕೂತ್ಕೋ, ಪಾಪ, ಎಷ್ಟು ದಿನ ನಂಗೋಸ್ಕರ ಗಂಟಲು ಹರ್ಕೊಂಡಿದ್ದೀಯ."

ಆ ಸಂಜೆಗಾಗಿ ಅವಳು ಮಾಡಿಕೊಂಡ ತಯಾರಿ ನೋಡಿ ಗಿಣಿಗೆ ಅನ್ನ ಇಳಿಯದಾಯಿತು. ಬೆಳಗಿನ ಜಾವಕ್ಕೇ ಎದ್ದು ಬಾಕಿ ಪ್ಯಾಂಟುಗಳನ್ನೆಲ್ಲ ಮುಗಿಸಿದಳು. ಮಷಿನ್ನಿಗೆ ಹಳೆಯ ಚಾದರ ಹೊದಿಸಿದಳು. ಗಿರಾಕಿಗಳಿಗೆ "ಇವತ್ತು ಸಂಜೆ ನಾನು ಊರಲ್ಲೇ ಇಲ್ಲ ಅಂದ್ಕೊಳ್ಳಿ" ಎಂದಳು. ಕಡಲೆಕಾಯಿ ಹುರಿದು, ಉಪ್ಪು ಬೆರೆಸಿ, ಮುಚ್ಚಿಟ್ಟಳು. ಗಿಣಿ ಕೈ ಹಾಕಲು ಹೋದರೆ "ಈಗಲ್ಲ, ಡ್ರೈವರ್ ಬಂದಾಗ" ಎಂದು ಕೈಮೇಲೆ ಹೊಡೆದಳು.

ಗಿಣಿ ಕರೆಂಟು ಹೋಗಲೆಂದು ಹಾರೈಸಿದಳು. ಹೋಗಲಿಲ್ಲ. ಮೊದಲ ಜಾಹೀರಾತಿನಲ್ಲಿ "ಚಿಕ್ಕಮ್ಮ, ನಿಂಗೊಂದು ವಿಷ್ಯ..." ಎಂದು ಬಾಯಿ ತೆರೆದಳು.

"ಆಮೇಲೆ ಹೇಳೇ ಮಾರಾಯ್ತಿ! ಬಂತು, ಬಂತು!"

ಬಂದದ್ದು ಕಾರೇ. ದೊಡ್ಡ ಸೊಸೆ ಆ ಮನೆ ಬಿಟ್ಟು ಹೊರಟಿದ್ದಳು. ಚಿಕ್ಕಮ್ಮ ಸ್ಟೂಲಿನ ಮೇಲಿದ್ದ ಕಾಲನ್ನು ಕೆಳಗಿಳಿಸಿ ಮುಂದೆ ಬಾಗಿದಳು. ಡ್ರೈವರ್ ಇಳಿದ. ಹೊಟ್ಟೆ ಬಂದ, ಮೀಸೆ ನರೆತ, ಆಕಳಿಕೆ ತಡೆದುಕೊಂಡಂತಿದ್ದ ಒಬ್ಬ ಮನುಷ್ಯ. ಚೀಲಗಳನ್ನು ಡಿಕ್ಕಿಯಲ್ಲಿ ತುಂಬಿದ. ಕಿವಿ ಕೆರೆದುಕೊಂಡ.

"ಇವನಲ್ಲ ಅಲ್ವಾ?" ಎಂದಳು ಚಿಕ್ಕಮ್ಮ.

ಗಿಣಿ ಮುಚ್ಚಿಟ್ಟ ಕಡಲೆಕಾಯಿಯ ಪಾತ್ರೆಯ ಕಡೆ ತಿರುಗಿದಳು.

"ಇರಲಿ, ಪ್ರೀತಿಗೆ ಹೊಟ್ಟೆ ಏನು, ಮೀಸೆ ಏನು. ನೋಡ್ತಿರು, ಈಗ ಕನ್ನಡಿ ನೋಡ್ತಾನೆ."

ಕಾರು ಹೊರಟಿತು. ಅವನು ಕನ್ನಡಿ ನೋಡಲಿಲ್ಲ. ದೊಡ್ಡ ಸೊಸೆ ಕಿಟಕಿಯಾಚೆ ನೋಡಿ ನಕ್ಕಳು, ಅವಳಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತಂತೆ. ಹೆಸರುಗಳು ಮೇಲೇರತೊಡಗಿದವು. ಕೊನೆಯ ಹೆಸರು ಹೋಗುವವರೆಗೂ ಚಿಕ್ಕಮ್ಮ ಬಾಗಿಕೊಂಡೇ ಇದ್ದಳು.

"ಅವನು ನೋಡ್ಲೇ ಇಲ್ವಲ್ಲೇ."

"ಅವನು ಯಾವತ್ತೂ ನೋಡಿಲ್ಲ ಚಿಕ್ಕಮ್ಮ." ಗಿಣಿಯ ದನಿ ಅವಳಿಗೇ ಕೇಳದಷ್ಟು ಸಣ್ಣಗಿತ್ತು. "ಅದೆಲ್ಲ ನಾನೇ ಹೇಳಿದ್ದು. ಶಾಲು, ಕಿಟಕಿ ಗಾಜು, ಎಲ್ಲ."

ಬೈಗುಳ ಬರುತ್ತದೆಂದು ಅವಳು ಕುತ್ತಿಗೆ ಒಳಗೆಳೆದುಕೊಂಡು ಕಾದಳು. ಚಿಕ್ಕಮ್ಮ ಟಿವಿ ಆರಿಸಿದಳು.

"ಮತ್ತೆ ನೀನು ಏನ್ ನೋಡ್ತಿದ್ದೆ?"

"ಫೋನು."

"ಓ," ಎಂದಳು ಚಿಕ್ಕಮ್ಮ. ರಿಮೋಟು ಕೆಳಗಿಟ್ಟು, "ನಾನು, ಇಬ್ಬರೂ ಜೊತೇಲಿ ನೋಡ್ತಿದ್ದೀವಿ ಅಂದ್ಕೊಂಡಿದ್ದೆ." ಅಷ್ಟೇ. ಕಡಲೆಕಾಯಿಯ ಪಾತ್ರೆಯನ್ನು ಮುಚ್ಚಳ ಕೂಡ ತೆಗೆಯದೆ ಒಳಗಿಟ್ಟು ಬಂದಳು.

ಮಾರನೆಯ ದಿನ ನರ್ಸು ಯೂನಿಫಾರ್ಮು ಒಯ್ಯಲು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಏನಕ್ಕ, ಎಲ್ಲಿ ಹೋದ ನಿಮ್ಮ ಡ್ರೈವರು? ಕಣ್ಣೀರಲ್ಲಿ ಕಾರು ತೇಲಿ ಹೋಯ್ತಾ?"

ಗಿಣಿ ಬಾಗಿಲ ಹತ್ತಿರ ಗುಂಡಿ ಹಚ್ಚುತ್ತಿದ್ದಳು. ಸೂಜಿ ಅಲ್ಲೇ ನಿಂತಿತು. ಈಗ ತನ್ನ ಹೆಸರು ಬರುತ್ತದೆ.

"ನೀವು ಹೇಳಿದ್ದೇ ಸರಿ ಸಿಸ್ಟರ್," ಎಂದಳು ಚಿಕ್ಕಮ್ಮ, ಯೂನಿಫಾರ್ಮು ಮಡಿಸುತ್ತ. "ನಂಗೇ ಈಚೆಗೆ ಕಣ್ಣು ಮಂಜು. ಆಗಾಗ ತಲೆಯೆತ್ತಿದಾಗ ಏನೋ ನೋಡಿ ಏನೋ ಅಂದ್ಕೊಂಡೆ. ಹುಡುಗಿ ನನ್ನ ಮಾತಿಗೆ ಹೂಂ ಅಂದ್ಳು ಅಷ್ಟೇ."

ನರ್ಸಿನ ನಗು ಇಳಿಯಿತು. "ಕಣ್ಣು ಮಂಜಾ? ಅಕ್ಕ, ಇದು ತಮಾಷೆ ಅಲ್ಲ. ಮೊದ್ಲು ತೋರ್ಸ್ಕೊಳ್ಳಿ." ಅನ್ನುತ್ತಲೇ ಅವಳ ಕೈ ಯೂನಿಫಾರ್ಮಿನ ಹೊಲಿಗೆಯನ್ನು ತಿರುವಿ ನೋಡತೊಡಗಿತು. ಹೊಸದಾಗಿ ಹೊಲಿಸಲು ತಂದಿದ್ದ ಬಟ್ಟೆಯ ಚೀಲವನ್ನು ತಿರುಗಿ ಹೆಗಲಿಗೇರಿಸಿಕೊಂಡಳು. "ಇದು ಅರ್ಜೆಂಟೇನಿಲ್ಲ. ನೀವು ಕಣ್ಣು ನೋಡ್ಕೊಳ್ಳಿ, ಆಮೇಲೆ ಕೊಡ್ತೀನಿ. ನಮ್ಮ ವಾರ್ಡಿನವರಿಗೂ ಹೇಳ್ತೀನಿ, ನಿಮ್ಮನ್ನ ಅವಸರ ಮಾಡ್ಬೇಡಿ ಅಂತ."

ಚಿಕ್ಕಮ್ಮನ ಮುಖ ಬಿಳಿಚಿತು. ಟೈಲರಿಗೆ ಕಣ್ಣು ಮಂಜು ಎಂಬ ಮಾತು ವಾರ್ಡಿಗೆ ಹೋದರೆ ಸಂಜೆಯೊಳಗೆ ಇಡೀ ಬೀದಿಗೆ ಬರುತ್ತದೆ. ಆದರೂ ಅವಳು ಆಡಿದ ಮಾತನ್ನು ತಿರುಗಿ ತೆಗೆದುಕೊಳ್ಳಲಿಲ್ಲ. ಗಿಣಿಯ ಕಡೆ ನೋಡಲೂ ಇಲ್ಲ.

"ಸಿಸ್ಟರ್, ಚಿಕ್ಕಮ್ಮನ ಕಣ್ಣಿಗೆ ಏನೂ ಆಗಿಲ್ಲ!" ಗಿಣಿ ಎದ್ದ ರಭಸಕ್ಕೆ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. "ನೋಡದೇ ಇದ್ದಿದ್ದು ನಾನು. ಫೋನ್ ನೋಡ್ಕೊಂಡು ಬಾಯಿಗೆ ಬಂದದ್ದು ಹೇಳ್ತಿದ್ದೆ. ಅವತ್ತು ನಿಮ್ಮ ಮುಂದೆ ಹೂಂ ಅಂದಿದ್ದೂ ಸುಳ್ಳು."

ನರ್ಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಥೂ ನಿನ್ನ! ನಾನೇ ತಪ್ಪಿಸ್ಕೊಂಡಿದ್ದೀನಿ ಅಂತ ಅವನ ಮುಖಾನೇ ಹುಡುಕ್ತಾ ಕೂತಿದ್ನಲ್ಲೇ. ಅವನನ್ನ ನೋಡೋಕೆ ಹೋಗಿ ಅತ್ತೆ ಏನಂದ್ಳು ಅಂತಾನೇ ಕೇಳಿಸ್ಕೊಂಡಿಲ್ಲ." ಆಮೇಲೆ ಚೀಲವನ್ನು ಹೆಗಲಿಂದ ಇಳಿಸಿ ಮೇಜಿನ ಮೇಲಿಟ್ಟಳು. "ತಗೊಳ್ಳಿ ಅಕ್ಕ. ತೋಳು ಸ್ವಲ್ಪ ಸಡಿಲ ಇರಲಿ."

ನರ್ಸು ಹೋದ ಮೇಲೆ ಗುಂಡಿ ಹೆಕ್ಕುವ ಕೆಲಸ ಶುರುವಾಯಿತು. ಗಿಣಿ ಮಂಚದ ಕೆಳಗೆ ಕೈಚಾಚಿ, ಮುಖ ತೋರಿಸದೆ, "ಯಾಕೆ ಹಾಗೆ ಹೇಳ್ದೆ ಚಿಕ್ಕಮ್ಮ? ನನ್ನ ಹೆಸರೇ ಹೇಳ್ಬಹುದಿತ್ತು" ಎಂದಳು.

"ನಮ್ಮ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಹೊರಗಿನವರ ಮುಂದೆ ಹೇಳ್ಲಾ?" ಚಿಕ್ಕಮ್ಮ ಸೀಮೆಸುಣ್ಣ ಹುಡುಕುತ್ತ ಗೊಣಗಿದಳು. "ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಅಷ್ಟೇ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೈಗೆ ಸಿಕ್ಕ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗಿಣಿ ಮಂಚದ ಕೆಳಗೇ ಇನ್ನೂ ಸ್ವಲ್ಪ ಹೊತ್ತು ಹುಡುಕುವವಳ ಹಾಗೆ ಬಿದ್ದುಕೊಂಡಿದ್ದಳು.