ತೊಡೆಯ ಮೇಲಿನ ಚೀಲ

ಈರುಳ್ಳಿ ಕೀಳುವ ಕಾಲ. ಬಿಸಿಲೇರುವ ಮೊದಲೇ ಶೆಡ್ಡಿನಲ್ಲಿ ಕೆಲಸ ಶುರುವಾಗಿತ್ತು. ಹೆಂಗಸರು ಸಾಲಾಗಿ ಕೂತು ಕೊಳೆತದ್ದನ್ನು ಒಂದು ಕಡೆ, ಗಟ್ಟಿಯದನ್ನು ಇನ್ನೊಂದು ಕಡೆ ಎಸೆಯುತ್ತಿದ್ದರು. ಗುಬ್ಬಿ ತಾಯಿಯ ಬೆನ್ನಿಗೆ ಒರಗಿ ಕೂತಿದ್ದಳು. ಅವಳ ತೊಡೆಯ ಮೇಲೆ ಈರುಳ್ಳಿ ತುಂಬಿದ ಪುಟ್ಟ ಚೀಲ. ಆ ಭಾರ ಇದ್ದರೆ ಸುಮ್ಮನಿರುತ್ತಾಳೆ. ತೆಗೆದರೆ ಸಣ್ಣ ಸದ್ದಿಗೂ ಕಿವಿ ಮುಚ್ಚಿಕೊಂಡು ತಲೆ ಚಚ್ಚಿಕೊಳ್ಳುತ್ತಾಳೆ. ಏಳು ವರ್ಷ ತುಂಬಿದರೂ ಮಾತಿಲ್ಲ.

"ಆಸ್ಪತ್ರೆಗೆ ಹೊರಟ್ಯೇನೇ?" ಪಕ್ಕದ ಮುದುಕಿ ತಾಯಿಯನ್ನು ಕೇಳಿದಳು.

"ಹೂಂ ಅಜ್ಜಿ. ಆಟಿಸಂ ಇರಬಹುದು ಅಂದ್ರು ಸ್ಕೂಲಲ್ಲಿ. ಡಾಕ್ಟರು ಹೌದು ಅಂದ್ರೆ ಇಂಥ ಮಕ್ಕಳಿಗೆ ಕಲಿಸೋ ಟೀಚರ್ ಹತ್ರ ಕೂರಿಸ್ತಾರಂತೆ. ಇಲ್ಲಾಂದ್ರೆ ಸೇರಿಸ್ಕೊಳ್ಳಲ್ವಂತೆ."

"ಅಲ್ಲಿ ರಂಪ ಮಾಡಿದ್ರೆ?"

"ಚೀಲ ಒಯ್ತೀನಿ. ದೊಡ್ಡೋರ ಮುಂದೆ ಮಾನ ಉಳೀಬೇಕಲ್ಲ."

"ಈರುಳ್ಳಿ ಸಾಗಿಸ್ತಿದೀಯಾ?" ಮೇಸ್ತ್ರಿ ಗದರಿದ.

"ಒಯ್ಯಲಿ ಬಿಡಪ್ಪ," ಅಂದಳು ಮುದುಕಿ, "ಡಾಕ್ಟರ ಕಣ್ಣಲ್ಲೂ ಒಂದು ಹನಿ ನೀರು ಬರಲಿ."

ಆಸ್ಪತ್ರೆಯಲ್ಲಿ ಡಾಕ್ಟರು ಗುಬ್ಬಿಯನ್ನು ಒಮ್ಮೆ ನೋಡಿದರು, ಗಡಿಯಾರವನ್ನು ಎರಡು ಸಲ ನೋಡಿದರು.

"ಮಗು ಚೆನ್ನಾಗೇ ಕೂತಿದೆಯಲ್ಲಮ್ಮ. ಏನೂ ಇಲ್ಲ. ನೀವು ಬರೀ ಕೆಲಸ ಕೆಲಸ ಅಂತೀರಿ, ಮಗು ಜೊತೆ ಮಾತಾಡಲ್ಲ. ಅದಕ್ಕೆ ಮಾತೆಲ್ಲಿಂದ ಬರುತ್ತೆ?"

"ತೊಡೆ ಮೇಲಿನ ಈ ಈರುಳ್ಳಿ ಚೀಲದ ಭಾರಕ್ಕೆ ಸುಮ್ನಿದಾಳೆ ಸಾರ್."

"ಓಹೋ, ಈರುಳ್ಳಿ ವೈದ್ಯ!" ಡಾಕ್ಟರು ನಕ್ಕರು. ನರ್ಸೂ ನಕ್ಕಳು.

ತಾಯಿಗೆ ತನ್ನ ತಪ್ಪು ಆಗ ಹೊಳೆಯಿತು. ಮಾನ ಉಳಿಸಲು ಹೋಗಿ ಮಗಳ ಸಂಕಟವನ್ನೇ ಮುಚ್ಚಿ ತಂದಿದ್ದಳು. ಅದನ್ನು ತೋರಿಸದಿದ್ದರೆ ಇವರು ನಂಬುವುದಿಲ್ಲ. ಕೈ ಚೀಲದ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಕಣ್ಣು ಮುಚ್ಚಿ ಎತ್ತಿಬಿಟ್ಟಳು.

ಫ್ಯಾನು ಕಟಕಟ ಎನ್ನುತ್ತಿತ್ತು. ಗುಬ್ಬಿ ಕಿರುಚಿದಳು. ಹಿಡಿಯುವಷ್ಟರಲ್ಲಿ ಹಣೆ ಮೇಜಿನ ಅಂಚಿಗೆ ಬಡಿದಿತ್ತು.

"ನೋಡಿ ಸಾರ್, ಇದೇ..."

"ಹಟ! ಮುದ್ದು ಮಾಡಿ ಕೆಡಿಸಿದೀರಿ. ಎರಡೇಟು ಹಾಕಿದ್ರೆ ಸರಿಹೋಗ್ತಾಳೆ. ಕರ್ಕೊಂಡು ಹೋಗಿ. ನೆಕ್ಸ್ಟ್!"

ತಾಯಿ ಬಾಗಿಲವರೆಗೆ ಬಂದಳು, ಆಚೆ ಹೋಗಲಿಲ್ಲ. ಹೊಸ್ತಿಲ ಮೇಲೇ ಕೂತಳು. ಮಗಳನ್ನು ಎಳೆದು ಕೂರಿಸಿಕೊಂಡು ಚೀಲವನ್ನು ಅವಳ ತೊಡೆಗಿಟ್ಟಳು. ಹಣೆ ಊದುತ್ತಿತ್ತು. "ನಿನ್ನ ನೋಯಿಸಿ ತೋರಿಸಿದೆನಲ್ಲ ಕಂದ," ಅಂದಳು. ಗುಬ್ಬಿ ಎರಡೂ ಕೈಯಲ್ಲಿ ಚೀಲ ಒತ್ತಿಕೊಂಡಳು.

ಮುಂದಿನ ಸರದಿಯ ಹೆಂಗಸು ಒಳಗೆ ಹೋಗಲಿಲ್ಲ. ಅವಳ ಸೊಂಟದ ಮೇಲಿನ ಮಗು ಕಣ್ಣೆದುರು ಬೆರಳಾಡಿಸುತ್ತಿತ್ತು.

"ಹೋದ ಸಲ ನಂಗೂ ಇದನ್ನೇ ಅಂದ್ರು ಕಣಕ್ಕ. ಮುದ್ದು ಜಾಸ್ತಿ ಅಂತ. ಸ್ವಲ್ಪ ಜರುಗು."

ಅವಳೂ ಕೂತಳು.

"ಏಳ್ರಮ್ಮ! ಡಾಕ್ಟರು ಊಟಕ್ಕೆ ಹೋಗ್ಬೇಕು," ನರ್ಸ್ ಕೂಗಿದಳು.

"ಮಗೂನ ನೋಡಿ ಹೋಗ್ಲಿ," ಅಂದಳು ಗುಬ್ಬಿಯ ತಾಯಿ.

"ನೋಡಾಯ್ತಲ್ಲ!"

"ಇಲ್ಲಮ್ಮ. ನೋಡೋದು ಇನ್ನೂ ಬಾಕಿ ಇದೆ."

ಡಾಕ್ಟರ ಬೂಟುಗಳು ಹೊಸ್ತಿಲ ತನಕ ಬಂದು ನಿಂತವು. ಯಾರೂ ಏಳಲಿಲ್ಲ.